ಒಂದು ಕಡೆಗೆ ಮಾತ್ರ ಕೇಳಿಸಿದ ಧ್ವನಿ

ದಾವಣಗೆರೆಯ ಮಂಡಿಪೇಟೆಯಲ್ಲಿರುವ ನಮ್ಮ ಭಾವನವರ ಬಟ್ಟೆ ಅಂಗಡಿಯ ಹಳೆಯ ಕಂಪ್ಯೂಟರೊಂದರಲ್ಲಿ ಕಂಪ್ಯೂಟರನ್ನೇ ಟೆಲಿಫೋನ್ ವಿನಿಮಯ ಕೇಂದ್ರವಾಗಿಸುವ ಆಸ್ಟರಿಸ್ಕ್ ತಂತ್ರಾಂಶವನ್ನು ಹಾಕಿ, ಅದನ್ನು ಇಂಟರ್ನೆಟ್ ಕರೆ ಸೇವೆ ನೀಡುವ ಸಂಸ್ಥೆಯೊಂದರ ಸಿಪ್ ಟ್ರಂಕ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಫೋನ್ ಜಾಲಕ್ಕೆ ಸೇರಿಸುವ ಕೊಂಡಿಗೆ, ಕಳೆದ ತಿಂಗಳು ಜೋಡಿಸಿದೆ. ಬಳಕೆದಾರರ ಹೆಸರು, ಪಾಸ್‌ವರ್ಡ್, ಸರ್ವರ್ ವಿಳಾಸಗಳನ್ನು ತುಂಬಿದ ಕೂಡಲೇ ನೋಂದಣಿ ಆಯಿತು.

ತೊಂದರೆ ಕಂಡದ್ದು ಮೊದಲ ಕರೆಯಲ್ಲಿ. ನಾನು ರಸ್ತೆಯಾಚೆ ಮೊಬೈಲ್ ಹಿಡಿದು ನಿಂತಿದ್ದೆ, "ಹಲೋ, ಯಾರ್ರೀ? ಮಾತಾಡ್ರಿ" ಎಂಬ ಭಾವನವರ ಧ್ವನಿ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು, ನನ್ನ ಒಂದು ಮಾತೂ ಅವರಿಗೆ ತಲುಪುತ್ತಿರಲಿಲ್ಲ.

ಸಿಪ್ ಎಂಬ ನಿಯಮಾವಳಿಯು ಕರೆಯನ್ನು ಕೂಡಿಸುತ್ತದೆಯೇ ಹೊರತು ಧ್ವನಿಯನ್ನು ಹೊರುವುದಿಲ್ಲ. ಸಂಕೇತಗಳು ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಜಾಲದ ಸಂದೇಶಗಳು ಬಂದುಹೋಗುವ, ಸಂಖ್ಯೆಯಿಟ್ಟ ಬಾಗಿಲು) ಓಡಾಡಿದರೆ, ಧ್ವನಿಯು ಆರ್‌ಟಿಪಿ ಎಂಬ ಬೇರೆ ಹಾದಿಯಲ್ಲಿ, ನಮ್ಮ ವ್ಯವಸ್ಥೆಯಲ್ಲಿ 10000ದಿಂದ 20000ದವರೆಗಿನ ಪೋರ್ಟುಗಳಲ್ಲಿ ಹರಿಯುತ್ತದೆ. ರೂಟರಿನ ಹಿಂದೆ ಕುಳಿತ ಆಸ್ಟರಿಸ್ಕ್, ಧ್ವನಿಯನ್ನು ಇಲ್ಲಿಗೆ ಕಳುಹಿಸಿರೆಂದು 192.168ರಿಂದ ಆರಂಭವಾಗುವ ಅಂಗಡಿಯ ಒಳವಿಳಾಸವನ್ನೇ ಬರೆದು ಕಳುಹಿಸುತ್ತಿತ್ತು. ಆ ವಿಳಾಸವನ್ನು ಹೊರಗಿನವರು ಮುಟ್ಟಲಾರರು.

ಆಸ್ಟರಿಸ್ಕ್‌ನಲ್ಲಿ ಸಿಪ್ ನೋಡಿಕೊಳ್ಳುವ ಪಿಜೆಸಿಪ್ ಭಾಗದ ಸೆಟ್ಟಿಂಗ್ ಕಡತದಲ್ಲಿ ಹೊರವಿಳಾಸವನ್ನೂ ಒಳಜಾಲದ ವ್ಯಾಪ್ತಿಯನ್ನೂ ಬರೆದು, ಹಾದುಹೋಗುವ ಸಿಪ್ ಸಂದೇಶಗಳನ್ನು ತಾನೇ ತಿದ್ದುವ ರೂಟರಿನ ಸಿಪ್ ಎಎಲ್‌ಜಿ ಸೌಲಭ್ಯವನ್ನು ಬಂದ್ ಮಾಡಿದ ಮೇಲೆ ಎರಡೂ ಕಡೆ ಮಾತು ಕೇಳಿಸಿತು. ಹಳೆಯ ಸಲಹೆಗಳು ಹೇಳುವ, ಪಿಜೆಸಿಪ್‌ಗೂ ಮೊದಲು ಸಿಪ್ ನೋಡಿಕೊಳ್ಳುತ್ತಿದ್ದ ಚಾನ್‌ಸಿಪ್ ಭಾಗವನ್ನು ಆಸ್ಟರಿಸ್ಕ್‌ನ 21ನೇ ಆವೃತ್ತಿಯಲ್ಲಿ ಕೈಬಿಡಲಾಗಿದೆ; ಹೊಸಬರು ಅದರ ಗೋಜಿಗೆ ಹೋಗದಿರುವುದು ಒಳ್ಳೆಯದು.

5060ನೇ ಪೋರ್ಟನ್ನು ಸೇವಾದಾರರ ವಿಳಾಸಗಳಿಗೆ ಮಾತ್ರ ತೆರೆದು, ವಿದೇಶಿ ಕರೆಗಳನ್ನು ಮುಚ್ಚಿಸಿದ್ದೇನೆ, ಏಕೆಂದರೆ ಹೊರಗಿನವರು ನುಸುಳಿ ಕದ್ದು ಮಾಡಿದ ಕರೆಗಳ ಹಣವನ್ನೂ ಭಾವನವರೇ ತೆರಬೇಕಾಗುತ್ತದೆ.