ಮುರ್ನೌ ಮೆಟ್ಟಿಲು, ಮ್ಯೂನಿಕ್‌ನ ಹಳದಿ

ಅಮೂರ್ತ ಚಿತ್ರಗಳಿಗೆ ಹೆಸರಾದ ರಷ್ಯನ್ ಕಲಾವಿದ ಕ್ಯಾಂಡಿನ್ಸ್ಕಿಯ ಚಿತ್ರ ನೋಡಬೇಕೆಂದು ಮ್ಯೂನಿಕ್‌ಗೆ ಬರುವವರು ಸಾಮಾನ್ಯವಾಗಿ ನೇರ ಲೆನ್‌ಬಾಖ್‌ಹೌಸ್ ಮ್ಯೂಸಿಯಂಗೆ ಹೋಗುತ್ತಾರೆ. ನಾವು ಮೊದಲು ಮುರ್ನೌ ಊರಿನ ರೈಲು ಹತ್ತಿದೆವು. ಗಾರ್ಮಿಶ್ ಕಡೆಗೆ ಹೋಗುವ ಗಾಡಿ, ಸುಮಾರು ಒಂದು ಗಂಟೆ ದಾರಿ. ನನ್ನನ್ನು ಕೇಳಿದರೆ ಇದೇ ಸರಿಯಾದ ಕ್ರಮ.

ಕಲಾವಿದೆ ಗಾಬ್ರಿಯೆಲೆ ಮ್ಯುಂಟರ್ 1909ರಲ್ಲಿ ಕೊಂಡ ಮನೆ ದಿಬ್ಬದ ಮೇಲಿದೆ. ಜೊತೆಗೆ ವಾಸಿಲಿ ಕ್ಯಾಂಡಿನ್ಸ್ಕಿ ಇದ್ದನಲ್ಲ, ಊರವರ ಬಾಯಲ್ಲಿ ಅದು ‘ರಷ್ಯನರ ಮನೆ’ ಆಯಿತು. ಒಳಗಿನ ಮರದ ಮೆಟ್ಟಿಲಿಗೆ ಆತನೇ ಹೂವು, ಕುದುರೆ ಸವಾರರನ್ನು ಬರೆದಿದ್ದಾನೆ. ಗೋಡೆಯ ಮೇಲೆ ಗಾಜಿನ ಹಿಂಬದಿಗೆ ಬರೆದ ಜನಪದ ಚಿತ್ರಗಳು. ಮೈಸೂರು ಕಡೆಯ ಹಳೆ ಮನೆಗಳಲ್ಲಿ ಇಂಥವನ್ನು ನೋಡಿದವರಿಗೆ ಕ್ರಮ ಗೊತ್ತು: ಕಣ್ಣು, ಗೆರೆ ಮೊದಲು, ಹಿನ್ನೆಲೆ ಕೊನೆಗೆ. ನೆರಳು–ಬೆಳಕಿನ ನಾಜೂಕಿಗೆ ಅಲ್ಲಿ ಹೆಚ್ಚು ಜಾಗವಿಲ್ಲ. ದಪ್ಪ ಗೆರೆ, ಅದರೊಳಗೆ ಕಲಬೆರಕೆಯಿಲ್ಲದ ಬಣ್ಣ. ಇಬ್ಬರೂ ಆ ಪಟ್ಟನ್ನು ಕಲಿತು ತಾವೂ ಗಾಜಿನ ಮೇಲೆ ಬರೆದರು.

ಮನೆಯ ಹತ್ತಿರವೇ ರೈಲು ಹಳಿ. ಆ ಗಾಡಿಯನ್ನು ಕ್ಯಾಂಡಿನ್ಸ್ಕಿ 1909ರಲ್ಲೇ ಬರೆದಿದ್ದ. ಚಿತ್ರ ಮರುದಿನ ಲೆನ್‌ಬಾಖ್‌ಹೌಸ್‌ನಲ್ಲಿ ಸಿಕ್ಕಿತು. ರೈಲು ಬರೀ ಒಂದು ಕಪ್ಪು ಆಕಾರ, ಆದರೂ ರೈಲೇ.

ಎರಡೇ ವರ್ಷಕ್ಕೆ, ವಸ್ತುವಿನ ಗುರುತು ಸಿಗುವ ಆ ಆಸರೆಯೂ ಸಡಿಲವಾಯಿತು. 1911ರ ಜನವರಿ 2ರಂದು ಮ್ಯೂನಿಕ್‌ನಲ್ಲಿ ಸಂಯೋಜಕ ಶೋನ್‌ಬರ್ಗ್‌ನ ಸಂಗೀತ ಕೇಳಿ ಬಂದವನು ‘ಇಂಪ್ರೆಷನ್ 3’ ಬರೆದ. ದೂರದಿಂದ ನೋಡಿದರೆ ಕಪ್ಪು ಪಿಯಾನೊ, ಸಭಾಂಗಣದ ಬಿಳಿ ಕಂಬ, ಬಾಗಿ ಕೂತ ಶ್ರೋತೃಗಳು ಹೇಗೋ ಗುರುತು ಸಿಗುತ್ತಾರೆ. ಹತ್ತಿರ ಹೋದಂತೆ ಅವರೆಲ್ಲ ಕುಂಚದ ಗೀರುಗಳಾಗಿಬಿಡುತ್ತಾರೆ, ಉಳಿಯುವುದು ಹಳದಿ. ಯಾವ ವಸ್ತುವಿನದೂ ಅಲ್ಲದ ಹಳದಿ! ಕುಂಚ ಯಾವ ಕಡೆಗೆ ಓಡಿತು ಎಂಬುದು ಅದರಲ್ಲಿ ಕಾಣುತ್ತದೆ. ಪೋಸ್ಟರಿನಲ್ಲಿ ಈ ಓಟವೇ ಸತ್ತುಹೋಗಿ ಬರೀ ಬಣ್ಣ ಬಳಿದ ಹಾಗಿರುತ್ತದೆ. ‘ಇದನ್ನು ಮಕ್ಕಳೂ ಬರೆಯುತ್ತಾರೆ’ ಎನ್ನುವವರು ಬಹುಶಃ ಪೋಸ್ಟರನ್ನಷ್ಟೇ ನೋಡಿರಬೇಕು.

1914ರಲ್ಲಿ ಯುದ್ಧ ಬಂತು, ಆತ ಜರ್ಮನಿ ಬಿಟ್ಟ, ಮುಂದೆ ಅವರಿಬ್ಬರ ಸಂಬಂಧವೂ ಮುರಿಯಿತು. ಇಂಥ ಕಲೆಯನ್ನು ನಾಜಿಗಳು ಬೇಟೆಯಾಡುತ್ತಿದ್ದ ಕಾಲದಲ್ಲಿ ಮ್ಯುಂಟರ್ ಅವನ ಚಿತ್ರಗಳನ್ನು ಅದೇ ಮುರ್ನೌ ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟಳು. 1957ರಲ್ಲಿ, ತನ್ನ 80ನೇ ಹುಟ್ಟುಹಬ್ಬಕ್ಕೆ, ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಈ ಮ್ಯೂಸಿಯಂಗೆ ಕೊಟ್ಟಳು.

ಆದ್ದರಿಂದ ಆಕೆಯ ಚಿತ್ರಗಳನ್ನು ಅವಸರದಲ್ಲಿ ದಾಟಬೇಡಿ. 1909ರ ಒಂದರಲ್ಲಿ ಕಲಾವಿದ ಸ್ನೇಹಿತರಾದ ಯಾವ್ಲೆನ್‌ಸ್ಕಿ, ವೆರೆಫ್ಕಿನ್ ಹುಲ್ಲಿನ ಮೇಲೆ ಆರಾಮಾಗಿದ್ದಾರೆ. ಮುಖದಲ್ಲಿ ಕಣ್ಣು–ಮೂಗು ಬರೆಯುವ ಗೋಜಿಗೇ ಆಕೆ ಹೋಗಿಲ್ಲ.