ಅನಾನಸ್ ಜುಟ್ಟು ತಿನ್ನುವ ನಮ್ಮ ಕುರಿಗಳು

ನನ್ನ ತವರು ಹಾನಗಲ್ ಕಡೆ. ಅಲ್ಲಿ ಕುರಿಗಳನ್ನು ಬೆಳಿಗ್ಗೆ ಬಿಟ್ಟರೆ ಸಂಜೆಗೆ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದವು. ಮದುವೆಯಾಗಿ ಬನವಾಸಿ ಹತ್ತಿರದ ಈ ಊರಿಗೆ ಬಂದಾಗ ಅಪ್ಪ ನಾಲ್ಕು ಕುರಿ ಕೊಟ್ಟು ಕಳಿಸಿದ್ದ. ಈಗ 22 ಇವೆ. ಆದರೆ ಇಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಬೇಗ ಬಿಡೋದಿಲ್ಲ. ಹಸಿ ನೆಲದಲ್ಲಿ ಮೇಯಿಸಿದರೆ ಗೊರಸು ಕೊಳೆಯುತ್ತದೆ. ಒಳಗೇ ಕಟ್ಟಿದರೆ ಭತ್ತದ ಹುಲ್ಲನ್ನು ಮೂಸಿ ಮುಖ ತಿರುಗಿಸುತ್ತವೆ.

ಹಾಗಾಗಿ ಮೂರು ವರ್ಷದಿಂದ ರಸಮೇವು, ಅಂದರೆ ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಸೈಲೇಜ್, ಮಾಡುತ್ತಿದ್ದೇನೆ. ಬನವಾಸಿ ಸುತ್ತಮುತ್ತ ಅನಾನಸ್‌ಗೆ ಬರವಿಲ್ಲ, ಅಲ್ವಾ? ಹಣ್ಣು ಹೆಚ್ಚುವ ಕಡೆ ಜುಟ್ಟು, ಸಿಪ್ಪೆ ರಾಶಿ ಬೀಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಇದೇ ಕಸದಿಂದ ರಸಮೇವು ಮಾಡಿ ಕುರಿ, ಹಸುಗಳಿಗೆ ತಿನ್ನಿಸಿ ನೋಡಿದ್ದಾರೆ ಅಂತ ಓದಿದ ಮೇಲೆ ನನಗೆ ಧೈರ್ಯ ಬಂತು.

ಮೇ ತಿಂಗಳಲ್ಲೇ ಕೆಲಸ ಮುಗಿಸಬೇಕು. ಸಿಪ್ಪೆಯಲ್ಲಿ ನೀರು ಜಾಸ್ತಿ. ಅದಕ್ಕೇ ಒಂದು ದಿನ ಬಿಸಿಲಿಗೆ ಹರವಿ, ತೆನೆ ಮುರಿದ ಗೋವಿನಜೋಳದ ಒಣ ದಂಟನ್ನು ಬೆರಳಿನ ಗೆಣ್ಣಿನಷ್ಟು ಉದ್ದ ಕತ್ತರಿಸಿ ಬೆರೆಸುತ್ತೇನೆ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಕೈ ಬಿಚ್ಚಿದಾಗ ಉಂಡೆ ನಿಧಾನಕ್ಕೆ ಬಿರಿಯಬೇಕು. ನೀರು ತೊಟ್ಟಿಕ್ಕಬಾರದು, ಪುಡಿಯಾಗಿ ಉದುರಲೂಬಾರದು. ಮೊದಲ ವರ್ಷ ಜೋನಿಬೆಲ್ಲ ಸುರಿದಿದ್ದೆ. ಅದು ಬರೀ ದಂಟಿಗೆ ಬೇಕು, ಅನಾನಸ್‌ಗೆ ಅದರ ಸಿಹಿಯೇ ಸಾಕು. ಆ ಸಿಹಿಯನ್ನೇ ತಿಂದು ಸೂಕ್ಷ್ಮಜೀವಿಗಳು ಹುಳಿ ಮಾಡುತ್ತವೆ. ಆ ಹುಳಿಯೇ ಮೇವನ್ನು ಕಾಯುತ್ತದೆ.

ಡ್ರಮ್ಮಿಗೆ ಒಂದೊಂದು ಪದರ ಹಾಕಿ ತುಳಿಯಬೇಕು. ನಮ್ಮತ್ತೆ ಡ್ರಮ್ಮಿನೊಳಗೆ ಇಳಿದು ಅಂಚು ಹಿಡಿದು ಸುತ್ತಲೂ ತುಳಿಯುತ್ತಾರೆ. "ಮೂಲೆ ಬಿಡಬೇಡ, ಗಾಳಿ ಅಲ್ಲೇ ಕೂರೋದು" ಅನ್ನುತ್ತಾರೆ. ಮುಚ್ಚಳ ಹಾಕಿಟ್ಟರೆ 20 ದಿನಕ್ಕೇ ತಯಾರಾಗುತ್ತದೆ ಅನ್ನುವವರಿದ್ದಾರೆ. ನಾನು ತಿಂಗಳು ಬಿಡುತ್ತೇನೆ.

ಗಾಳಿ ಏನು ಮಾಡುತ್ತದೆ ಅನ್ನೋದು ನನಗೆ ನಮ್ಮ ಕುರಿ ಕೆಂಪಿಯಿಂದ ಗೊತ್ತಾಯಿತು. ಎರಡನೇ ವರ್ಷ ಒಂದು ಡ್ರಮ್ಮಿನ ಮುಚ್ಚಳ ಸಡಿಲ ಇತ್ತು. ಮೇಲೆ ಬೂದು ಬಣ್ಣದ ಬೂಷ್ಟು. ಅದನ್ನು ಬಳಿದು ಬಿಸಾಕಿ ಕೆಳಗಿನದನ್ನು ಹಾಕಿದೆ, ವಾಸನೆ ಚೆನ್ನಾಗೇ ಇತ್ತು. ಎರಡು ಮೂರು ವಾರ ಕಳೆದ ಮೇಲೆ ಕೆಂಪಿ ದೊಡ್ಡಿಯಲ್ಲಿ ಒಂದೇ ಕಡೆಗೆ ಸುತ್ತತೊಡಗಿತು. ಎಡಗಿವಿ ಜೋತಿತ್ತು. ಬಾಯಲ್ಲಿಟ್ಟ ಸೊಪ್ಪು ಅಗಿಯದೆ ಹಾಗೇ ಇತ್ತು, ಜೊಲ್ಲು ಸುರಿಯುತ್ತಿತ್ತು. ಡಾಕ್ಟರು ಬಂದವರು ಮೊದಲು ಕೇಳಿದ್ದು ರಸಮೇವಿನ ಬಗ್ಗೆ. ಲಿಸ್ಟೀರಿಯಾ ಅಂದರು, ಕೆಟ್ಟ ರಸಮೇವಿನಲ್ಲಿ ಬೆಳೆಯುವ ರೋಗಾಣು. ಮೂರನೇ ದಿನ ಹೋಯಿತು. ಅಪ್ಪ ಕೊಟ್ಟ ನಾಲ್ಕರಲ್ಲಿ ಅದೊಂದೇ ಉಳಿದಿತ್ತು.

ಈಗ ಬೂಷ್ಟು ಕಂಡ ಡ್ರಮ್ ಪೂರ್ತಿ ಗೊಬ್ಬರದ ಗುಂಡಿಗೆ. ಉಳಿಸೋಣ ಅಂತ ಯಾರು ಹೇಳಿದರೂ ಕೇಳೋದಿಲ್ಲ. ಹೊಸ ಮೇವನ್ನು ಮೊದಲು ಒಂದು ಹಿಡಿ, ಆಮೇಲೆ ಎರಡು, ಹೀಗೆ 10-15 ದಿನದಲ್ಲಿ ಏರಿಸಿ ದೊಡ್ಡ ಕುರಿಗೆ ಸುಮಾರು ಒಂದು ಕಿಲೋಗೆ ನಿಲ್ಲಿಸುತ್ತೇನೆ. ಜೊತೆಗೆ ಒಣಹುಲ್ಲು ಇರಲೇಬೇಕು.

ಈ ವರ್ಷ 14 ಡ್ರಮ್ ತುಂಬಿದ್ದೇವೆ. ನಿನ್ನೆ ಮೊದಲನೆಯದನ್ನು ತೆಗೆದೆ. ಹಳದಿ ಮಿಶ್ರಿತ ಹಸಿರು, ಹಣ್ಣಿನ ಹುಳಿ ಘಮ. ಮುಚ್ಚಳದ ಸದ್ದಿಗೇ ಮರಿಗಳೆಲ್ಲ ಗೋದಲಿಗೆ ಬಂದು ನಿಂತಿದ್ದವು.