ನೋಡಿದೆ, ಆದರೆ ಕಾಣಿಸಲಿಲ್ಲ

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಕೈಯಲ್ಲಿ ಇಂಗ್ಲಿಷ್ ಗೈಡು ಇರುತ್ತದೆ, ಅದರಲ್ಲಿ ಪದಗಳ ಪಟ್ಟಿ ಇದ್ದೇ ಇರುತ್ತದೆ. ಸೀ, ಲುಕ್, ವಾಚ್ ಮೂರಕ್ಕೂ ‘ನೋಡು’. ಹಿಯರ್, ಲಿಸನ್ ಎರಡಕ್ಕೂ ‘ಕೇಳು’. ಇದನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಈ ಪದಗಳ ನಡುವಿನ ವ್ಯತ್ಯಾಸ ನಮ್ಮ ಮಾತಿನಲ್ಲೇ ಇದೆ, ಪಟ್ಟಿ ಅದನ್ನು ಮುಚ್ಚಿಬಿಡುತ್ತದೆ.

ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಈ ತುದಿಯಲ್ಲಿ ನಿಂತು ಆ ತುದಿಯಲ್ಲಿರುವ ಗೆಳೆಯನನ್ನು ಹುಡುಕುತ್ತಿದ್ದೀರಿ ಅಂದುಕೊಳ್ಳಿ. ‘ನಾನು ನೋಡಿದೆ, ನನಗೆ ಕಾಣಿಸಲಿಲ್ಲ’ ಅನ್ನುತ್ತೀರಿ, ಅಲ್ವಾ? ನೋಡಿದ್ದು ಲುಕ್. ಕಾಣಿಸುವುದು ಸೀ. ‘ನಾನು’ ಹೋಗಿ ‘ನನಗೆ’ ಬಂದದ್ದನ್ನು ಗಮನಿಸಿ: ಬೇಕೆಂದು ಮಾಡಿದ್ದಕ್ಕೆ ‘ನಾನು’, ತಾನಾಗಿ ಆದದ್ದಕ್ಕೆ ‘ನನಗೆ’. ಕಿವಿಯ ವಿಷಯವೂ ಹಾಗೇ. ಗದಗಿನ ಭೀಮಸೇನ ಜೋಶಿಯವರ ಹಾಡು ಪಕ್ಕದ ಮನೆಯ ರೇಡಿಯೋದಿಂದ ನಿಮಗೆ ಕೇಳಿಸಿದರೆ ಹಿಯರ್, ಕೈಯಲ್ಲಿದ್ದ ಕೆಲಸ ಬಿಟ್ಟು ಕೂತು ಕೇಳಿದರೆ ಲಿಸನ್, ಅದರ ನಂತರ ಒಂದು ‘ಟು’ ಬೇಕು. ಫೋನಿನಲ್ಲಿ ‘ಐ ಆಮ್ ಹಿಯರಿಂಗ್ ಯು’ ಅನ್ನುವವರು ಜಾಸ್ತಿ. ಕೇಳಿಸುವುದು ನಾವು ಮಾಡುವ ಕೆಲಸ ಅಲ್ಲ, ಅದಕ್ಕೇ ಅಲ್ಲಿ ‘ಐ ಕ್ಯಾನ್ ಹಿಯರ್ ಯು’ ಸರಿ.

ವಾಚ್ ಅಂದರೆ ಚಲಿಸುವುದನ್ನು, ಬದಲಾಗುವುದನ್ನು ಸ್ವಲ್ಪ ಹೊತ್ತು ನೋಡುವುದು. ನೆಹರು ಮೈದಾನದ ಕ್ರಿಕೆಟ್ ಆಟವನ್ನು ವಾಚ್ ಮಾಡುತ್ತೀರಿ, ಗೋಡೆಗೆ ಹಾಕಿದ ಫೋಟೋವನ್ನು ಅಲ್ಲ. ಸಿನಿಮಾಕ್ಕಾದರೆ ಸೀ, ವಾಚ್ ಎರಡೂ ನಡೆಯುತ್ತವೆ.

ನಿಜವಾದ ಕಷ್ಟ ಸೇ, ಟೆಲ್‌ಗಳದ್ದು. ನಮಗೆ ವಿಭಕ್ತಿ ಇದೆ. ‘ಅವನು ನನಗೆ ಹೇಳಿದ’, ‘ನನಗೆ ಅವನು ಹೇಳಿದ’, ಪದ ಎಲ್ಲಿಟ್ಟರೂ ಆ ‘ಗೆ’ ಅರ್ಥವನ್ನು ಹಿಡಿದಿಡುತ್ತದೆ. ಇಂಗ್ಲಿಷ್‌ನಲ್ಲಿ ಹೆಸರುಗಳಿಗೆ ಇಂಥ ಪ್ರತ್ಯಯ ಇಲ್ಲ, ಹಾಗಾಗಿ ತನ್ನ ನಂತರ ಯಾರು ಬರಬೇಕು ಅನ್ನುವುದನ್ನು ಕ್ರಿಯಾಪದವೇ ನಿರ್ಧರಿಸುತ್ತದೆ. ಟೆಲ್‌ಗೆ ಸಾಮಾನ್ಯವಾಗಿ ಮನುಷ್ಯ ಬೇಕು: ‘ಹಿ ಟೋಲ್ಡ್ ಮಿ’. ಸೇಗೆ ಮಾತು ಬೇಕು, ಮನುಷ್ಯ ಬಂದರೆ ‘ಟು’ ಹಿಡಿದುಕೊಂಡೇ ಬರಬೇಕು. ಕಥೆ, ಸುಳ್ಳು, ನಿಜ ಇಂಥ ಕೆಲವು ಮಾತ್ರ ಟೆಲ್ ಪಕ್ಕ ನೇರವಾಗಿ ಕೂರುತ್ತವೆ. ‘ಎಕ್ಸ್‌ಪ್ಲೇನ್ ಮಿ’ ತಪ್ಪಾಗುವುದೂ ಇದಕ್ಕೇ, ಎಕ್ಸ್‌ಪ್ಲೇನ್‌ಗೆ ವಿಷಯ ಬೇಕು.

ರಾಬ್, ಸ್ಟೀಲ್ ಕೂಡ ಹೀಗೆ ಬೇರೆಯಾಗುತ್ತವೆ. ರಾಬ್ ಮಾಡುವುದು ಬ್ಯಾಂಕನ್ನು, ಸ್ಟೀಲ್ ಮಾಡುವುದು ಅಲ್ಲಿನ ದುಡ್ಡನ್ನು. ಕಡ ಕೊಟ್ಟರೆ ಲೆಂಡ್, ಕಡ ತಗೊಂಡರೆ ಬಾರೋ. ನಾವು ‘ಕಡ’ ಅನ್ನೋ ಒಂದೇ ಮಾತಿಗೆ ಕೊಡು, ತಗೋ ಸೇರಿಸಿ ಮುಗಿಸುವ ಕೆಲಸಕ್ಕೆ ಇಂಗ್ಲಿಷ್‌ನವರು ಎರಡು ಪದ ಇಟ್ಟುಕೊಂಡಿದ್ದಾರೆ.

ಅದಕ್ಕೇ ನೋಟ್‌ಬುಕ್ಕಿನಲ್ಲಿ ಕ್ರಿಯಾಪದವನ್ನು ಒಂಟಿಯಾಗಿ ಬರೆಯಬೇಡಿ, ಅದರ ನಂತರ ಬರುವ ಪದದ ಜೊತೆ ಪೂರ್ತಿ ವಾಕ್ಯ ಬರೆಯಿರಿ. ‘ಡಿಸ್ಕಸ್’ ಬರೆಯುವಾಗ ಅದರ ನಂತರ ‘ಅಬೌಟ್’ ಹಾಕಬೇಡಿ, ಆ ‘ಬಗ್ಗೆ’ ಅದರೊಳಗೇ ಇದೆ.